ಕಚೇರಿಯ ಮೇಲ್ ಬಿಟ್ಟುಬಿಟ್ಟು ಕೈಕೊಡುತ್ತಿದ್ದರೆ: ದೋಷ ಹುಡುಕುವ ಕ್ರಮ, ಹಂತ ಹಂತವಾಗಿ

ಮೇಲ್ ಪೂರ್ತಿ ನಿಂತುಹೋದರೆ ಕಾರಣ ಹುಡುಕುವುದು ಅಷ್ಟು ಕಷ್ಟವಲ್ಲ. ಹತ್ತು ನಿಮಿಷ ನಿಂತು, ಯಾರೂ ಏನೂ ಮಾಡದೆ ಇದ್ದಾಗಲೇ ಮತ್ತೆ ಶುರುವಾಗುವ ದೋಷ ನಿಜಕ್ಕೂ ಕಠಿಣವಾದದ್ದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳ ಕಚೇರಿಗಳಿಂದ, ಬಾಗಲಕೋಟೆಯ ಸಹಕಾರಿ ಸಂಘಗಳಿಂದ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿಂದ ಈ ದೂರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರುತ್ತದೆ: “ಮುಂಜಾನಿಂದ ಒಂದೂ ಮೇಲ್ ಹೊಂಟಿರಲಿಲ್ರೀ, ಈಗ ನೋಡಿದ್ರ ಎಲ್ಲಾ ಒಮ್ಮೆಲೇ ಹೋಗ್ಯಾವ.”

ಆಗ ಎಲ್ಲರೂ ಮಾಡುವ ಕೆಲಸವೂ ಒಂದೇ. ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಪಾಸ್‌ವರ್ಡ್ ಮತ್ತೊಮ್ಮೆ ಟೈಪ್ ಮಾಡುತ್ತಾರೆ, ಮೇಲ್ ಬರುತ್ತದೆ, ಕೆಲಸ ಮುಗಿಯಿತೆಂದು ಏಳುತ್ತಾರೆ. ಎರಡು ದಿನಕ್ಕೆ ಅದೇ ದೋಷ ಮರಳುತ್ತದೆ. ರೂಟರ್ ಆಫ್ ಆದ ಕ್ಷಣದಲ್ಲಿ ದೋಷದ ಗುರುತುಗಳೆಲ್ಲ ಅಳಿಸಿಹೋಗುತ್ತವೆ ಎಂಬುದೇ ಇಲ್ಲಿಯ ತೊಡಕು. ಆದ್ದರಿಂದ ಈ ಮಾರ್ಗದರ್ಶಿಯ ಮುಖ್ಯ ಒತ್ತಾಯ ಒಂದೇ: ದೋಷ ಜೀವಂತವಾಗಿರುವಾಗಲೇ ಅದನ್ನು ಅಳೆಯಬೇಕು, ಸೆಟ್ಟಿಂಗ್ ಬದಲಿಸುವುದು ಅದರ ನಂತರ. ಹಂತಗಳ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ಶುರು ಮಾಡುವ ಮುನ್ನ

ಒಂದು ಲ್ಯಾಪ್‌ಟಾಪ್, ಸರಿಯಾಗಿದೆಯೆಂದು ಖಾತ್ರಿಯಿರುವ ಒಂದು ನೆಟ್‌ವರ್ಕ್ ಕೇಬಲ್, ಡೇಟಾ ಇರುವ ಮೊಬೈಲ್, ರೂಟರಿನ ಅಡ್ಮಿನ್ ಪಾಸ್‌ವರ್ಡ್, ಮತ್ತು ಮೇಲ್ ಸೇವೆ ಕೊಡುವವರು ತಿಳಿಸಿದ ಸರ್ವರ್ ಹೆಸರು, ಪೋರ್ಟ್ ಸಂಖ್ಯೆ (ಸರ್ವರಿನ ಯಾವ ಬಾಗಿಲಿನಿಂದ ಮೇಲ್ ಹೋಗಿಬರುತ್ತದೆ ಎಂಬುದರ ಸಂಖ್ಯೆ), ಭದ್ರತೆಯ ಬಗೆ ಇವಿಷ್ಟು ಮೊದಲೇ ಸಿದ್ಧವಿರಲಿ. ಜೊತೆಗೆ ಒಂದು ನೋಟ್‌ಬುಕ್ ಬೇಕು. ಬೇರೆ ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಿಲ್ಲ. ವಿಂಡೋಸ್‌ನಲ್ಲಿ ಇರುವ ಸಾಧನಗಳೇ ಸಾಕು.

ಎರಡು ಕೆಲಸಗಳನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಮೊದಲನೆಯದು, ಔಟ್‌ಲುಕ್‌ನಿಂದ ಖಾತೆಯನ್ನು ಅಳಿಸಿ ಮತ್ತೆ ಸೇರಿಸುವುದು. ಖಾತೆ ಪಾಪ್ 3 (ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪದ್ಧತಿ) ಬಗೆಯದಾಗಿದ್ದರೆ ವರ್ಷಗಳ ಮೇಲ್‌ಗಳು ಸರ್ವರಿನಲ್ಲಿ ಉಳಿಯದೆ ಆ ಕಂಪ್ಯೂಟರಿನ ಪಿಎಸ್‌ಟಿ ಕಡತದಲ್ಲಿ ಮಾತ್ರ ಇರಬಹುದು, ಆ ಕಡತ ಕೈತಪ್ಪಿದರೆ ಅವು ಮರಳಿ ಸಿಗುವುದಿಲ್ಲ. ಎರಡನೆಯದು, ರೂಟರಿನ ಹಿಂದಿನ ಸಣ್ಣ ರಂಧ್ರದಲ್ಲಿ ಪಿನ್ ಒತ್ತಿ ರಿಸೆಟ್ ಮಾಡುವುದು. ಇಂಟರ್ನೆಟ್ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್‌ಗಳೂ ಅದರೊಂದಿಗೆ ಅಳಿಸಿಹೋಗಿ, ಮೇಲ್ ಒಂದೇ ಅಲ್ಲ, ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ.

ಹಂತ 1: ದೋಷದ ದಾಖಲೆ ಬರೆಯಿರಿ

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು, ದೋಷ ಬಂದ ಸಮಯ, ಯಾವ ಕಂಪ್ಯೂಟರು, ಮೇಲ್ ಬರುತ್ತಿಲ್ಲವೋ ಹೋಗುತ್ತಿಲ್ಲವೋ ಎಂಬುದು, ಮತ್ತು ಪರದೆಯ ಮೇಲೆ ಕಂಡ ಸಂದೇಶ ಇಷ್ಟನ್ನು ಬರೆಯಲು ಸಿಬ್ಬಂದಿಗೆ ಹೇಳಿ. ಸಂದೇಶವನ್ನು ನೆನಪಿನಿಂದ ಬರೆಯುವುದಕ್ಕಿಂತ ಮೊಬೈಲಿನಲ್ಲಿ ಫೋಟೋ ತೆಗೆದಿಡುವುದು ಒಳ್ಳೆಯದು, ಏಕೆಂದರೆ ಅದರ ಕೊನೆಯಲ್ಲಿರುವ ಸಂಖ್ಯೆಯೇ ಬಹುಪಾಲು ಕಥೆ ಹೇಳುತ್ತದೆ. ಕಳಿಸುವಾಗ 4ರಿಂದ ಶುರುವಾಗುವ ಮೂರಂಕಿಯ ಸಂಖ್ಯೆ, ಉದಾಹರಣೆಗೆ 421, ಕಂಡರೆ ಸರ್ವರ್ ‘ಸದ್ಯಕ್ಕೆ ಆಗದು’ ಎನ್ನುತ್ತಿದೆ. 5ರಿಂದ ಶುರುವಾದರೆ ‘ಆಗುವುದೇ ಇಲ್ಲ’ ಎಂದರ್ಥ. 535 ಎಂಬುದು ಪಾಸ್‌ವರ್ಡ್ ಒಪ್ಪಿಗೆಯಾಗಲಿಲ್ಲ ಎಂಬ ಸೂಚನೆ. ಸಂಖ್ಯೆ ಯಾವುದೇ ಇರಲಿ, ಅಂಥ ಉತ್ತರ ಸರ್ವರಿನಿಂದಲೇ ಬಂದಿದೆಯೆಂದರೆ ದಾರಿ ತೆರೆದಿದೆ ಎಂದಾಯಿತು, ಕೇಬಲ್ ಎಳೆದಾಡುವ ಅಗತ್ಯವಿಲ್ಲ.

ಅದೇ ಸಾಲಿನಲ್ಲಿ ಕರೆಂಟ್ ಹೋಗಿ ಬಂದಿತ್ತೇ, ಆ ಹೊತ್ತಿಗೆ ಯಾರಾದರೂ ದೊಡ್ಡ ಕಡತ ಕಳಿಸುತ್ತಿದ್ದರೇ ಎಂಬುದನ್ನೂ ಬರೆಯಲಿ. ಮೂರ್ನಾಲ್ಕು ದಾಖಲೆಗಳು ಸೇರಿದೊಡನೆ ಒಂದು ಲಯ ಕಾಣತೊಡಗುತ್ತದೆ. ದಿನಾ ಮುಂಜಾನೆ ಕಚೇರಿ ತೆರೆದಾಗ ಮಾತ್ರ ಬರುವ ದೋಷ, ಮಧ್ಯಾಹ್ನದ ಬಿಸಿಲಿಗೆ ಬರುವ ದೋಷ, ಒಮ್ಮೆ ಬಂದರೆ ಸರಿಯಾಗಿ ಹತ್ತು ನಿಮಿಷ ಇರುವ ದೋಷ ಇವು ಮೂರಕ್ಕೂ ಕಾರಣ ಬೇರೆ ಬೇರೆ. ಇವನ್ನು ಮುಂದಿನ ಹಂತಗಳಲ್ಲಿ ನೋಡುತ್ತೇವೆ.

ಹಂತ 2: ದೋಷ ಯಾರ ಪಾಲಿನದು ಎಂದು ವಿಂಗಡಿಸಿ

ದೋಷ ಇರುವ ಹೊತ್ತಿನಲ್ಲೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ಒಂದೇ ಕಂಪ್ಯೂಟರಿಗೆ ಬಂದಿದೆಯೇ, ಎಲ್ಲಕ್ಕೂ ಬಂದಿದೆಯೇ? ಕೇಬಲ್‌ನಲ್ಲಿರುವವರಿಗೂ ವೈಫೈಯಲ್ಲಿರುವವರಿಗೂ ಒಂದೇ ತೊಂದರೆಯೇ? ಮೇಲ್ ಮಾತ್ರ ನಿಂತಿದೆಯೇ, ಬ್ರೌಸರಿನಲ್ಲಿ ಬೇರೆ ತಾಣಗಳೂ ತೆರೆಯುತ್ತಿಲ್ಲವೇ? ಕೊನೆಯದಾಗಿ, ಅದೇ ಲ್ಯಾಪ್‌ಟಾಪನ್ನು ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ ಮೇಲ್ ಬರುತ್ತದೆಯೇ?

ಈ ನಾಲ್ಕನೆಯ ಪರೀಕ್ಷೆ ಎರಡು ನಿಮಿಷದ್ದು, ಆದರೆ ಅದರಷ್ಟು ಬೆಲೆಯ ಪರೀಕ್ಷೆ ಇನ್ನೊಂದಿಲ್ಲ. ಹಾಟ್‌ಸ್ಪಾಟ್‌ನಲ್ಲೂ ಮೇಲ್ ಬರದಿದ್ದರೆ ದೋಷ ಸರ್ವರಿನಲ್ಲೋ, ಖಾತೆಯಲ್ಲೋ, ಆ ಲ್ಯಾಪ್‌ಟಾಪಿನಲ್ಲೋ ಇದೆ; ಕಚೇರಿಯ ನೆಟ್‌ವರ್ಕಿನ ತಪ್ಪಲ್ಲ. ಹಾಟ್‌ಸ್ಪಾಟ್‌ನಲ್ಲಿ ಸಲೀಸಾಗಿ ಬಂದರೆ ಸರ್ವರ್ ಬದುಕಿದೆ, ಪಾಸ್‌ವರ್ಡ್ ಸರಿಯಿದೆ, ಕಚೇರಿಯಿಂದ ಸರ್ವರಿಗೆ ಹೋಗುವ ದಾರಿಯಲ್ಲಿ ತಡೆಯಿದೆ ಎಂದಾಯಿತು. ಆ ದಾರಿಯನ್ನು ಹತ್ತಿರದಿಂದ ದೂರಕ್ಕೆ ಪರೀಕ್ಷಿಸುತ್ತ ಹೋಗಬೇಕು.

ಹಂತ 3: ಕಚೇರಿಯೊಳಗಿನ ದಾರಿ

ಲ್ಯಾಪ್‌ಟಾಪನ್ನು ಕೇಬಲ್‌ಗೆ ಜೋಡಿಸಿ ಕಮಾಂಡ್ ಪ್ರಾಂಪ್ಟ್‌ನ ಮೂರು ಕಿಟಕಿಗಳನ್ನು ತೆರೆಯಿರಿ. ಮೂರರಲ್ಲೂ ‘ಪಿಂಗ್ -ಟಿ’ ಆದೇಶ (ಆ ತುದಿಯಿಂದ ಉತ್ತರ ಬರುತ್ತಿದೆಯೇ ಎಂದು ಕೇಳುತ್ತಲೇ ಇರುವ ಆದೇಶ) ಕೊಟ್ಟು, ಒಂದರಲ್ಲಿ ರೂಟರಿನ ವಿಳಾಸ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಎರಡನೆಯದರಲ್ಲಿ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ವಿಳಾಸ 8.8.8.8, ಮೂರನೆಯದರಲ್ಲಿ ಮೇಲ್ ಸರ್ವರಿನ ಹೆಸರು ಬರೆದು, ದೋಷ ಬರುವವರೆಗೂ ಓಡಲು ಬಿಡಿ. ಕಂಟ್ರೋಲ್ ಒತ್ತಿ ಬ್ರೇಕ್ ಕೀ ಒತ್ತಿದರೆ ಪಿಂಗ್ ನಿಲ್ಲದೆಯೇ ಅಲ್ಲಿಯವರೆಗಿನ ಲೆಕ್ಕ ಕಾಣುತ್ತದೆ.

ದೋಷ ಬಂದಾಗ ಮೊದಲ ಕಿಟಕಿಯಲ್ಲೇ ಉತ್ತರ ತಪ್ಪಿದರೆ ತೊಂದರೆ ನಿಮ್ಮ ಗೋಡೆಗಳೊಳಗೇ ಇದೆ. ಮೊದಲನೆಯದು ಸರಿಯಿದ್ದು ಎರಡನೆಯದು ತಪ್ಪಿದರೆ ಇಂಟರ್ನೆಟ್ ಸಂಪರ್ಕದ ದೋಷ. ಎರಡೂ ಸರಿಯಿದ್ದು ಮೂರನೆಯದು ಮಾತ್ರ ತಪ್ಪಿದರೆ ಮುಂದಿನ ಹಂತಗಳಿಗೆ ಹೋಗಿ. ಒಂದು ಎಚ್ಚರಿಕೆ: ಕೆಲವು ಮೇಲ್ ಸರ್ವರ್‌ಗಳು ಪಿಂಗ್‌ಗೆ ಉತ್ತರ ಕೊಡುವುದೇ ಇಲ್ಲ. ಎಲ್ಲ ಸರಿಯಿದ್ದಾಗಲೂ ಮೂರನೆಯ ಕಿಟಕಿ ಸುಮ್ಮನಿದ್ದರೆ ಅದನ್ನು ದೋಷವೆಂದು ಎಣಿಸಬೇಡಿ.

ಒಳಗಿನ ದೋಷಗಳಲ್ಲಿ ನಮ್ಮ ಭಾಗದಲ್ಲಿ ಮೊದಲು ನೋಡಬೇಕಾದದ್ದು ಶಾಖ ಮತ್ತು ಕರೆಂಟ್. ಕಚೇರಿಗಳಲ್ಲಿ ಬಳಸುವ ಸಾಮಾನ್ಯ ರೂಟರ್‌ಗಳನ್ನು ಹೆಚ್ಚಾಗಿ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಸುತ್ತಲ ಶಾಖಕ್ಕೆಂದು ಮಾಡಿರುತ್ತಾರೆ. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆಗಳ ಹೊರಗಿನ ಶಾಖವೇ ಆ ಮಿತಿಯನ್ನು ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ, ಮುಚ್ಚಿದ ಕಪಾಟಿನಲ್ಲಿ ಇಟ್ಟ ಸ್ವಿಚ್ಚಿನ (ಕಂಪ್ಯೂಟರುಗಳ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆಯ) ಪಾಡು ಕೇಳುವುದೇ ಬೇಡ. ಮಧ್ಯಾಹ್ನ ತಪ್ಪಿ ಸಂಜೆಗೆ ತಾನಾಗಿ ಸರಿಹೋಗುವ ಸಂಪರ್ಕವಿದ್ದರೆ ಸ್ವಿಚ್ಚನ್ನು ಮುಟ್ಟಿ ನೋಡಿ, ಗಾಳಿಯಾಡುವ ಕಡೆ ಇಳಿಸಿ, ಕಿಂಡಿಗಳ ದೂಳು ತೆಗೆಯಿರಿ. ದೊಡ್ಡ ಮೋಟಾರು ಅಥವಾ ಫರ್ನೇಸ್ ಇರುವ ಕಡೆ, ಅವು ಶುರುವಾಗುವಾಗ ವೋಲ್ಟೇಜ್ ಕುಸಿದು ರೂಟರ್ ಮಾತ್ರ ರೀಸ್ಟಾರ್ಟ್ ಆಗುವುದುಂಟು. ಕಂಪ್ಯೂಟರುಗಳಿಗೆ ಯುಪಿಎಸ್ ಇದ್ದು ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್‌ಗಳಿಗೆ ಇಲ್ಲದಿರುವುದು ತೀರಾ ಸಾಮಾನ್ಯ. ಈ ಮೂರನ್ನೂ ಯುಪಿಎಸ್‌ಗೆ ಸೇರಿಸಿ. ರೂಟರ್ ತಾನಾಗಿ ರೀಸ್ಟಾರ್ಟ್ ಆಗಿದೆಯೇ ಎಂಬುದು ಅದರ ಅಡ್ಮಿನ್ ಪುಟದಲ್ಲಿ ‘ಅಪ್‌ಟೈಮ್’ ಎಂಬಲ್ಲಿ ತಿಳಿಯುತ್ತದೆ.

ಒಂದೇ ಕಂಪ್ಯೂಟರಿಗೆ ತೊಂದರೆಯಿದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ. ಇಷ್ಟಾದರೂ ಹೋಗದಿದ್ದರೆ ಒಂದೇ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಉಪಕರಣವನ್ನು ಗುರುತಿಸುವ ಸಂಖ್ಯೆಯನ್ನು) ಎರಡು ಉಪಕರಣಗಳು ಹಂಚಿಕೊಂಡಿರಬಹುದು. ಸಿಸಿಟಿವಿ ದೃಶ್ಯಗಳನ್ನು ದಾಖಲಿಸುವ ಡಿವಿಆರ್‌ಗೋ ಪ್ರಿಂಟರಿಗೋ ಯಾರೋ ಕೈಯಿಂದ ಕೊಟ್ಟ ವಿಳಾಸ, ರೂಟರ್ ತಾನಾಗಿ ಹಂಚುವ ವಿಳಾಸಗಳ ನಡುವೆಯೇ ಬಿದ್ದಿರುತ್ತದೆ. ಸಂಶಯವಿರುವ ಕಂಪ್ಯೂಟರಿನ ಕೇಬಲ್ ಮತ್ತು ವೈಫೈ ಎರಡನ್ನೂ ತೆಗೆದು, ಬೇರೆ ಕಂಪ್ಯೂಟರಿನಿಂದ ಅದರ ವಿಳಾಸಕ್ಕೆ ಪಿಂಗ್ ಮಾಡಿ. ಆಗಲೂ ಉತ್ತರ ಬಂದರೆ ಆ ವಿಳಾಸದಲ್ಲಿ ಇನ್ನೊಬ್ಬರು ಕುಳಿತಿದ್ದಾರೆ ಎಂದಾಯಿತು. ಕೈಯಿಂದ ಕೊಡುವ ವಿಳಾಸಗಳನ್ನು ರೂಟರ್ ಹಂಚುವ ಶ್ರೇಣಿಯ ಹೊರಗೆ ಇರಿಸಿದರೆ ಇದು ಮರುಕಳಿಸುವುದಿಲ್ಲ. ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗಿದ್ದರೆ ಅದಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ.

ಹಂತ 4: ಸರ್ವರಿನ ಹೆಸರು ವಿಳಾಸವಾಗಿ ಬದಲಾಗುತ್ತಿದೆಯೇ

‘ಸರ್ವರ್ ಸಿಗಲಿಲ್ಲ’ ಎಂಬ ಸಂದೇಶ ಬಂದರೆ, ಹೆಸರನ್ನು ಐಪಿ ವಿಳಾಸವಾಗಿ ಬದಲಿಸಿಕೊಡುವ ಡಿಎನ್ಎಸ್ ವ್ಯವಸ್ಥೆಯನ್ನು ನೋಡಿ. ‘ಎನ್ಎಸ್‌ಲುಕಪ್’ ಆದೇಶಕ್ಕೆ ಮೇಲ್ ಸರ್ವರಿನ ಹೆಸರು ಕೊಟ್ಟು ನಾಲ್ಕೈದು ಸಲ ಕೇಳಿ. ಒಮ್ಮೆ ತಕ್ಷಣ ಉತ್ತರ ಬಂದು ಇನ್ನೊಮ್ಮೆ ಸಮಯ ಮೀರಿದರೆ, ರೂಟರಿನಲ್ಲಿ ಕೊಟ್ಟಿರುವ ಎರಡು ಡಿಎನ್ಎಸ್ ವಿಳಾಸಗಳಲ್ಲಿ ಒಂದು ಸತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ತೆಗೆದು 1.1.1.1 ಅಥವಾ 8.8.8.8 ಹಾಕಿ.

ಆದರೆ ಮೇಲ್ ಸರ್ವರ್ ಅಥವಾ ಡೊಮೇನ್ ಸರ್ವರ್ (ಸಿಬ್ಬಂದಿಯ ಕಂಪ್ಯೂಟರ್ ಲಾಗಿನ್‌ಗಳನ್ನು ನೋಡಿಕೊಳ್ಳುವ ಸರ್ವರ್) ಕಚೇರಿಯೊಳಗೇ ಇದ್ದರೆ ಈ ಸಲಹೆ ಪಾಲಿಸಬೇಡಿ. ಒಳಗಿನ ಡಿಎನ್ಎಸ್ ಜೊತೆಗೆ ಹೊರಗಿನದನ್ನೂ ‘ಇರಲಿ’ ಎಂದು ಸೇರಿಸಿದಾಗ, ಒಳಗಿನದು ಒಂದು ಕ್ಷಣ ತಡವಾದರೂ ಕಂಪ್ಯೂಟರು ಹೊರಗಿನದನ್ನು ಕೇಳುತ್ತದೆ. ಒಳಗಿನ ಹೆಸರುಗಳು ಹೊರಗಿನದಕ್ಕೆ ಗೊತ್ತಿಲ್ಲ. ಸದುದ್ದೇಶದಿಂದ ಮಾಡಿದ ಈ ಸೇರ್ಪಡೆಯೇ ಬಿಟ್ಟುಬಿಟ್ಟು ಬರುವ ದೋಷವನ್ನು ಹುಟ್ಟಿಸುತ್ತದೆ.

ಹಂತ 5: ಪೋರ್ಟ್ ತೆರೆದಿದೆಯೇ

ಮೇಲ್ ಬರುವ ಬಾಗಿಲು ಐಮ್ಯಾಪ್ (ಮೇಲ್‌ಗಳನ್ನು ಸರ್ವರಿನಲ್ಲೇ ಇಟ್ಟು ಓದುವ ಪದ್ಧತಿ) ಆಗಿದ್ದರೆ 993, ಪಾಪ್ 3 ಆಗಿದ್ದರೆ 995. ಹೋಗುವ ಬಾಗಿಲು 587 ಅಥವಾ 465. ಹಳೆಯ ಸೆಟ್ಟಿಂಗ್‌ಗಳಲ್ಲಿ ಕಳಿಸಲು 25 ಎಂದು ಇರುತ್ತದೆ. ಸ್ಪ್ಯಾಮ್ ತಡೆಯಲು ಹಲವು ಇಂಟರ್ನೆಟ್ ಸೇವಾದಾರರು 25ನ್ನು ಮುಚ್ಚುವುದರಿಂದ ಅದನ್ನು 587ಕ್ಕೆ ಬದಲಿಸುವುದು ಸರಿ. ಎರಡು ಇಂಟರ್ನೆಟ್ ಲೈನ್ ಇರುವ ಕಚೇರಿಯಲ್ಲಿ ಒಂದು ಲೈನಿನಲ್ಲಿ 25 ತೆರೆದಿದ್ದು ಇನ್ನೊಂದರಲ್ಲಿ ಮುಚ್ಚಿದ್ದರೆ ಮೇಲ್ ಒಮ್ಮೆ ಹೋಗುತ್ತದೆ, ಒಮ್ಮೆ ಹೋಗುವುದಿಲ್ಲ.

ಪರೀಕ್ಷೆಗೆ ಪವರ್‌ಶೆಲ್ ತೆರೆದು ‘ಟೆಸ್ಟ್-ನೆಟ್‌ಕನೆಕ್ಷನ್’ ಎಂದು ಬರೆದು, ಸರ್ವರ್ ಹೆಸರು ಕೊಟ್ಟು, ‘-ಪೋರ್ಟ್ 993’ ಎಂದು ಸೇರಿಸಿ. ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ಬಾಗಿಲು ತೆರೆದಿದೆ. ಮೇಲ್ ಪ್ರೋಗ್ರಾಂ ಕೊಡುವ ಸಂದೇಶದಲ್ಲೂ ವ್ಯತ್ಯಾಸ ಗಮನಿಸಿ. ಒತ್ತಿದ ತಕ್ಷಣ ನಿರಾಕರಣೆ ಬಂದರೆ ಆ ತುದಿಯಲ್ಲಿ ಯಾರೋ ಇದ್ದು ಬೇಡವೆನ್ನುತ್ತಿದ್ದಾರೆ. ಬಹಳ ಹೊತ್ತು ಕಾಯಿಸಿ ಸಮಯ ಮೀರಿದರೆ ನಡುವೆ ಒಂದು ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್‌ಗಳನ್ನು (ಮಾಹಿತಿ ಸಾಗುವ ತುಂಡುಗಳನ್ನು) ನುಂಗುತ್ತಿದೆ. ಬಾಗಿಲು ತೆರೆದು ನಂತರ ಕಡಿದುಬಿದ್ದರೆ ಸರ್ಟಿಫಿಕೇಟ್ (ಸರ್ವರಿನ ಗುರುತಿನ ಪತ್ರ), ಆಂಟಿವೈರಸ್ ಅಥವಾ ಸಂಪರ್ಕಗಳ ಮಿತಿಯ ಕಡೆ ನೋಡಬೇಕು.

ಸರ್ಟಿಫಿಕೇಟ್ ಎಚ್ಚರಿಕೆ ಮುಂಜಾನೆ ಮಾತ್ರ ಬಂದು ಆಮೇಲೆ ಮಾಯವಾಗುತ್ತಿದ್ದರೆ ಕಂಪ್ಯೂಟರಿನ ಗಡಿಯಾರ ನೋಡಿ. ಸಂಜೆ ಮೇನ್ ಸ್ವಿಚ್ ಆರಿಸಿ ಹೋಗುವ ಕಚೇರಿಯಲ್ಲಿ, ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರೆ ದಿನಾಂಕ ಹಿಂದೆ ಸರಿಯುತ್ತದೆ. ಆ ದಿನಾಂಕಕ್ಕೆ ಸರ್ವರಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರುವುದಿಲ್ಲ! ವಿಂಡೋಸ್ ಇಂಟರ್ನೆಟ್‌ನಿಂದ ಸಮಯ ತಂದುಕೊಂಡೊಡನೆ ಎಲ್ಲ ಸರಿಯಾಗುತ್ತದೆ, ಮರುದಿನ ಮತ್ತೆ ಅದೇ. ಸಿಆರ್ 2032 ಎಂಬ ಸಣ್ಣ ಸೆಲ್ ಬದಲಿಸಿದರೆ ಈ ದೋಷ ಶಾಶ್ವತವಾಗಿ ಹೋಗುತ್ತದೆ.

ಹಂತ 6: ಸರ್ವರೇ ನಿಮ್ಮನ್ನು ತಡೆಯುತ್ತಿದೆಯೇ

ಎಲ್ಲ ಕಂಪ್ಯೂಟರುಗಳಿಗೂ ಒಟ್ಟಿಗೇ ಮೇಲ್ ನಿಂತು, ಬೇರೆ ಇಂಟರ್ನೆಟ್ ಚೆನ್ನಾಗಿದ್ದು, ಹಾಟ್‌ಸ್ಪಾಟ್‌ನಲ್ಲಿ ಮೇಲ್ ಬಂದು, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋದರೆ ಈ ಹಂತದಲ್ಲಿ ನಿಧಾನವಾಗಿ ನಿಲ್ಲಿ. ಜನ ಅತಿ ಹೆಚ್ಚು ಎಡವುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಚೇರಿಯ ಎಲ್ಲ ಉಪಕರಣಗಳೂ ಹೊರಗೆ ಒಂದೇ ಐಪಿ ವಿಳಾಸದಿಂದ ಕಾಣುತ್ತವೆ. ಪಾಸ್‌ವರ್ಡ್ ತಪ್ಪು ಹೊಡೆಯುವವರನ್ನು ತಡೆಯಲು ಮೇಲ್ ಸರ್ವರ್‌ಗಳಲ್ಲಿ ಕಾವಲು ಸಾಫ್ಟ್‌ವೇರ್ ಇರುತ್ತದೆ. ಅವುಗಳಲ್ಲಿ ವ್ಯಾಪಕವಾಗಿ ಬಳಸುವ ಫೇಲ್‌ಟುಬ್ಯಾನ್, ಮೂಲ ಸೆಟ್ಟಿಂಗ್‌ನಲ್ಲಿ, 10 ನಿಮಿಷದೊಳಗೆ 5 ಸಲ ತಪ್ಪಾದರೆ ಆ ಐಪಿಯನ್ನು 10 ನಿಮಿಷ ಹೊರಗಿಡುತ್ತದೆ. ಈಗ ಹೀಗೆ ಊಹಿಸಿ: ಮಾರಾಟ ವಿಭಾಗದ ಖಾತೆಯ ಪಾಸ್‌ವರ್ಡನ್ನು ಬದಲಿಸಲಾಗಿದೆ, ಎಲ್ಲ ಕಂಪ್ಯೂಟರುಗಳಲ್ಲೂ ಹೊಸದನ್ನು ಹಾಕಲಾಗಿದೆ, ಆದರೆ ಒಬ್ಬರ ಜೇಬಿನ ಮೊಬೈಲಿನಲ್ಲಿ ಹಳೆಯದೇ ಉಳಿದಿದೆ. ಅವರು ಕಚೇರಿಗೆ ಬಂದು ವೈಫೈಗೆ ಸೇರಿದೊಡನೆ ಆ ಮೊಬೈಲು ತನ್ನಷ್ಟಕ್ಕೆ ಹಳೆಯ ಪಾಸ್‌ವರ್ಡ್ ಕಳಿಸುತ್ತಲೇ ಇರುತ್ತದೆ, ಸರ್ವರ್ ಇಡೀ ಕಚೇರಿಗೆ ಬಾಗಿಲು ಹಾಕುತ್ತದೆ. ಅವರು ಸೈಟಿಗೋ ಬ್ಯಾಂಕಿಗೋ ಹೊರಟುಹೋದರೆ ಮೇಲ್ ಸರಾಗ. ಅವರೊಬ್ಬರ ಹೋಗುಬರುವಿಕೆಗೂ ದೋಷಕ್ಕೂ ಸಂಬಂಧ ಕಲ್ಪಿಸುವ ಯೋಚನೆ ಯಾರಿಗೂ ಬರುವುದಿಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಸ್ಥಿರ ಐಪಿ ಇಲ್ಲದ ಸಂಪರ್ಕದಲ್ಲಿ ರೀಸ್ಟಾರ್ಟ್ ಆದಾಗ ಹೊರಗಿನ ವಿಳಾಸ ಬದಲಾಗಬಹುದು. ಹೊಸ ವಿಳಾಸದ ಮೇಲೆ ತಡೆ ಇರುವುದಿಲ್ಲ. ನೋಡುವವರಿಗೆ ರೂಟರೇ ಕೆಟ್ಟಿತ್ತೆಂದು ತೋರಿ, ಒಳ್ಳೆಯ ರೂಟರನ್ನು ಎಸೆದು ಹೊಸದು ತರುತ್ತಾರೆ.

ಪರಿಹಾರಕ್ಕೆ ಪ್ರತಿ ಖಾತೆಯೂ ಯಾವ ಯಾವ ಉಪಕರಣದಲ್ಲಿದೆ ಎಂದು ಪಟ್ಟಿ ಮಾಡಿ. ಮೊಬೈಲುಗಳು, ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಪ್ರಿಂಟರು, ಎಚ್ಚರಿಕೆ ಮೇಲ್ ಕಳಿಸುವ ಡಿವಿಆರ್, ಬಿಲ್ ಕಳಿಸುವ ಅಕೌಂಟಿಂಗ್ ಸಾಫ್ಟ್‌ವೇರ್ ಇವನ್ನು ಮರೆಯಬೇಡಿ. ಹಳೆಯ ಪಾಸ್‌ವರ್ಡ್ ಅಡಗಿರುವುದು ಹೆಚ್ಚಾಗಿ ಇವುಗಳಲ್ಲೇ. ಸರ್ವರ್ ನಡೆಸುವವರನ್ನು ‘ಈ ಐಪಿಯಿಂದ ಯಾವ ಖಾತೆಯ ಲಾಗಿನ್ ವಿಫಲವಾಗುತ್ತಿದೆ’ ಎಂದು ಕೇಳಿದರೆ ಖಾತೆಯ ಹೆಸರು ಅವರ ಲಾಗ್‌ನಲ್ಲೇ ಸಿಗುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಕಾರಣ ಸಂಪರ್ಕಗಳ ಮಿತಿ. ಡವ್‌ಕಾಟ್ ಎಂಬ ಐಮ್ಯಾಪ್ ಸರ್ವರ್ ಮೂಲ ಸೆಟ್ಟಿಂಗ್‌ನಲ್ಲಿ ಒಂದು ಐಪಿಯಿಂದ ಒಂದು ಖಾತೆಗೆ 10 ಸಂಪರ್ಕಗಳನ್ನು ಮಾತ್ರ ಒಪ್ಪುತ್ತದೆ; ಜಿಮೇಲ್ ಒಂದು ಖಾತೆಗೆ ಏಕಕಾಲಕ್ಕೆ 15ನ್ನು ಒಪ್ಪುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಒಂದೇ ಖಾತೆಗೆ 5 ಸಂಪರ್ಕಗಳವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ‘ಇನ್ಫೋ’ ಖಾತೆಯನ್ನು ಮೂರು ಮೇಜುಗಳಲ್ಲಿ ತೆರೆದರೆ 15 ಆಯಿತು; 10ರ ಮಿತಿಯ ಸರ್ವರಿನಲ್ಲಿ ಮೂರನೆಯವರು ಕುಳಿತಾಗ ಯಾರೋ ಒಬ್ಬರಿಗೆ ತಪ್ಪುತ್ತದೆ. ಖಾತೆಯ ಸರ್ವರ್ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಈ ಸಂಖ್ಯೆಯನ್ನು 2ಕ್ಕೆ ಇಳಿಸಿ, ಇಲ್ಲವೇ ಪ್ರತಿಯೊಬ್ಬರಿಗೂ ಬೇರೆ ಖಾತೆ ಕೊಡಿ.

ರೂಟರಿನ ಅಡ್ಮಿನ್ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ನಿಮ್ಮ ಸಾರ್ವಜನಿಕ ಐಪಿಯನ್ನು ಸೇವಾದಾರರು ಇತರ ಗ್ರಾಹಕರೊಂದಿಗೆ ಹಂಚಿದ್ದಾರೆ. ಆಗ ಬೇರೆಯವರ ತಪ್ಪಿಗೂ ನಿಮ್ಮ ಮೇಲ್ ನಿಲ್ಲಬಹುದು. ಸ್ಥಿರ ಐಪಿಗೆ ಕೊಡುವ ಹಣ ಇಂಥ ಕಚೇರಿಗೆ ದಂಡವಲ್ಲ.

ಹಂತ 7: ದೊಡ್ಡ ಮೇಲ್ ಮಾತ್ರ ಸಿಕ್ಕಿಬೀಳುತ್ತಿದ್ದರೆ

ಎರಡು ಸಾಲಿನ ಮೇಲ್ ಹೋಗುತ್ತದೆ, ಡ್ರಾಯಿಂಗ್ ಲಗತ್ತಿಸಿದ ಕೊಟೇಶನ್ ಔಟ್‌ಬಾಕ್ಸ್‌ನಲ್ಲೇ ಉಳಿಯುತ್ತದೆ ಎಂದಾದರೆ ಮೊದಲು ಗಾತ್ರ ನೋಡಿ. ಲಗತ್ತು ಮೇಲ್‌ನಲ್ಲಿ ಸಾಗುವಾಗ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಊದಿಕೊಳ್ಳುತ್ತದೆ. 20 ಎಂಬಿಯ ಕಡತ 27 ಎಂಬಿಯ ಹತ್ತಿರ ಹೋಗಿ, ಸರ್ವರಿನ ಮಿತಿ 25 ಎಂಬಿ ಇದ್ದರೆ ಅದನ್ನು ದಾಟುತ್ತದೆ. ಗಾತ್ರ ಮಿತಿಯೊಳಗಿದ್ದರೆ ಪ್ಯಾಕೆಟ್ಟಿನ ಅಳತೆ ಪರೀಕ್ಷಿಸಿ. ‘ಪಿಂಗ್ -ಎಫ್ -ಎಲ್ 1472’ ಎಂದು 8.8.8.8ಕ್ಕೆ ಕಳಿಸಿ. ತುಂಡರಿಸಬೇಕಾಗಿದೆ ಎಂಬ ಉತ್ತರ ಬಂದರೆ 1464ಕ್ಕೆ ಇಳಿಸಿ ನೋಡಿ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಸಂಪರ್ಕದಲ್ಲಿ 1464 ದಾಟಿ 1472 ದಾಟದಿರುವುದು ಸಹಜ. ರೂಟರಿನಲ್ಲಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) 1492 ಎಂದಿರಬೇಕು. ಅಲ್ಲಿ 1500 ಎಂದಿದ್ದರೆ ದೊಡ್ಡ ಪ್ಯಾಕೆಟ್‌ಗಳು ಕಾಣೆಯಾಗುವುದು ಅದಕ್ಕೇ.

ಡಿವಿಆರ್ ಅಥವಾ ಬ್ಯಾಕಪ್ ಪ್ರೋಗ್ರಾಂ ಕ್ಲೌಡ್‌ಗೆ ಕಡತ ಏರಿಸುತ್ತಿರುವ ಹೊತ್ತಿನಲ್ಲಿ ಮಾತ್ರ ಹೀಗಾಗುತ್ತಿದ್ದರೆ ಆ ಕೆಲಸವನ್ನು ರಾತ್ರಿಗೆ ಸರಿಸಿ. ಔಟ್‌ಲುಕ್‌ನ ಸರ್ವರ್ ಟೈಮ್‌ಔಟ್ ಹೆಚ್ಚಿಸುವುದು ತಾತ್ಕಾಲಿಕ ಉಪಾಯ ಮಾತ್ರ.

ಎರಡು ಲೈನ್‌ಗಳನ್ನು ಹಂಚಿ ಬಳಸುವ ರೂಟರ್ ಇದ್ದರೆ ಮೇಲ್ ಪೋರ್ಟ್‌ಗಳಿಗೆ ಒಂದೇ ಲೈನ್ ಗೊತ್ತುಮಾಡಿ, ಅದು ಬಿದ್ದಾಗ ಮಾತ್ರ ಇನ್ನೊಂದಕ್ಕೆ ಹೋಗುವಂತೆ ನಿಯಮ ಬರೆಯಿರಿ. ಆಂಟಿವೈರಸ್‌ನ ಮೇಲ್ ತಪಾಸಣೆಯ ಮೇಲೆ ಸಂಶಯವಿದ್ದರೆ ಒಂದು ಕಂಪ್ಯೂಟರಿನಲ್ಲಿ ಆ ಒಂದು ಭಾಗವನ್ನು ಮಾತ್ರ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ಪೂರ್ತಿ ಆಂಟಿವೈರಸ್ ತೆಗೆಯಬೇಡಿ.

ಹಂತ 8: ಒಂದೊಂದೇ ಬದಲಾವಣೆ, ನಂತರ ದೂರು

ಒಮ್ಮೆಗೆ ಒಂದೇ ಸೆಟ್ಟಿಂಗ್ ಬದಲಿಸಿ, ಬದಲಿಸಿದ ಸಮಯ ಮತ್ತು ಮೊದಲು ಅಲ್ಲಿ ಏನಿತ್ತು ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲು ಎರಡು ದಿನಕ್ಕೊಮ್ಮೆ ಬರುತ್ತಿದ್ದ ದೋಷ ಒಂದು ದಿನ ಬರಲಿಲ್ಲವೆಂದರೆ ಅದು ಹೋಗಿದೆಯೆಂದಲ್ಲ. ಕನಿಷ್ಠ ಒಂದು ವಾರ ಕಾದು ನೋಡಿ, ಅಲ್ಲಿಯವರೆಗೆ ಬೇರೇನನ್ನೂ ಮುಟ್ಟಬೇಡಿ.

ತಪ್ಪು ನಿಮ್ಮ ಕಡೆಯದಲ್ಲವೆಂದು ಖಚಿತವಾದಾಗ ಮೇಲ್ ಸೇವೆಯವರಿಗೋ ಇಂಟರ್ನೆಟ್ ಸೇವೆಯವರಿಗೋ ಬರೆಯಿರಿ. ‘ಮೇಲ್ ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿಗೆ ಅಲ್ಲಿ ಕುಳಿತವರು ಏನೂ ಮಾಡಲಾರರು. ದೋಷದ ದಿನಾಂಕ ಮತ್ತು ನಿಮಿಷ, ಆ ಹೊತ್ತಿನ ನಿಮ್ಮ ಸಾರ್ವಜನಿಕ ಐಪಿ, ಸರ್ವರ್ ಹೆಸರು, ಪೋರ್ಟ್, ಸಂದೇಶದ ಫೋಟೋ, ಹಾಟ್‌ಸ್ಪಾಟ್ ಪರೀಕ್ಷೆಯ ಫಲಿತಾಂಶ ಇಷ್ಟನ್ನೂ ಕೊಡಿ. ಸಮಯ ಭಾರತದ್ದೆಂದು ಸ್ಪಷ್ಟವಾಗಿ ಬರೆಯಿರಿ. ಸರ್ವರ್‌ಗಳ ಲಾಗ್ ಹಲವು ಕಡೆ ಯುಟಿಸಿ ಸಮಯದಲ್ಲಿರುತ್ತದೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 11 ಗಂಟೆಯ ನಿಮ್ಮ ದೋಷವನ್ನು ಅವರು 5.30ರ ಸಾಲುಗಳಲ್ಲಿ ಹುಡುಕಬೇಕಾಗುತ್ತದೆ.